ಬಡಗಿಗಳ ಕೂಟ ನಡೆಸುವುದು ಹೇಗೆ: ನಾಲ್ಕು ದಿನ, ಒಂದು ಚೌಕಟ್ಟು

ಕಬ್ಬಿಣದ ಮೊಳೆ ಬಳಸದೆ ಕಂಬ, ತೊಲೆ, ಜಂತಿಗಳನ್ನು ಕೂಡಿಸಿ ಕಟ್ಟಡದ ಚೌಕಟ್ಟು ನಿಲ್ಲಿಸುವ ಕೆಲಸವನ್ನು ನಾನು ಇಪ್ಪತ್ತೆರಡು ವರ್ಷಗಳಿಂದ ಮಾಡುತ್ತಿದ್ದೇನೆ. ಟಿಂಬರ್ ಫ್ರೇಮಿಂಗ್ ಅಂತ ಕರೆಯುವ ಈ ಕೆಲಸದವರನ್ನು ಒಂದು ಕಡೆ ಸೇರಿಸುವ ಕೂಟಗಳನ್ನು ಇಲ್ಲಿಯವರೆಗೆ ಒಂಬತ್ತು ಸಲ ನಡೆಸಿದ್ದೇನೆ.

ಮೊದಲನೆಯದು ಒಂದು ಸಭಾಂಗಣದಲ್ಲಿ ನಡೆಯಿತು. ಎರಡು ದಿನ, ಅರವತ್ತು ಕುರ್ಚಿ, ಗೋಡೆಯ ಮೇಲೆ ಚಿತ್ರಗಳು, ಒಬ್ಬರಾದ ಮೇಲೆ ಒಬ್ಬರ ಭಾಷಣ. ಎಲ್ಲರೂ ಚೆನ್ನಾಗಿಯೇ ಮಾತಾಡಿದರು. ಕೊನೆಯಲ್ಲಿ ಹೊರಡುವಾಗ ವಯಸ್ಸಾದ ಬಡಗಿಯೊಬ್ಬರು ನನ್ನ ಹತ್ತಿರ ಬಂದು, "ಉಳಿಗಳನ್ನೆಲ್ಲ ಹರಿತ ಮಾಡಿಕೊಂಡು ಬಂದಿದ್ದೆ, ಚೀಲದಿಂದ ತೆಗೆಯಲೇ ಇಲ್ಲವಲ್ಲಪ್ಪ" ಅಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಬೇಜಾರಿತ್ತು. ಆ ಮಾತು ನನ್ನನ್ನು ಬಿಡಲಿಲ್ಲ. ಎರಡನೆಯ ಕೂಟದಿಂದ ಈಚೆಗೆ ನಾವು ಪ್ರತಿ ಸಲವೂ ಒಂದು ನಿಜವಾದ ಚೌಕಟ್ಟನ್ನು ಕೊರೆದು, ಕೊನೆಯ ದಿನ ಎತ್ತಿ ನಿಲ್ಲಿಸುತ್ತೇವೆ. ಬಂದ ಪ್ರತಿಯೊಬ್ಬರ ಕೈಯೂ ಅದರಲ್ಲಿ ಇರಬೇಕು. ಉಳಿದ ಎಲ್ಲವನ್ನೂ, ಮಾತು, ಪ್ರಾತ್ಯಕ್ಷಿಕೆ, ಹಳೇ ಉಪಕರಣಗಳ ಪ್ರದರ್ಶನ, ಎಲ್ಲವನ್ನೂ ಆ ಚೌಕಟ್ಟಿನ ಸುತ್ತ ಜೋಡಿಸುತ್ತೇವೆ.

ನೀವೂ ಇಂಥದ್ದೊಂದು ಕೂಟ ನಡೆಸಬೇಕು ಅಂತಿದ್ದರೆ, ನಾನು ಮಾಡುವ ರೀತಿ ಇದು.

ಮೊದಲು ಚೌಕಟ್ಟು ಯಾರಿಗೆ ಬೇಕು ಅಂತ ಹುಡುಕಿ

ಕೂಟದ ದಿನಾಂಕಕ್ಕಿಂತ ಮುಂಚೆ ಇದು ಗೊತ್ತಾಗಬೇಕು. ಶಾಲೆಯ ಅಂಗಳದಲ್ಲಿ ಮಕ್ಕಳು ಕೂರಲು ಒಂದು ನೆರಳು, ತೋಟದ ಉಪಕರಣ ಇಡಲು ಒಂದು ಕೊಟ್ಟಿಗೆ, ಬಸ್ಸಿಗೆ ಕಾಯುವವರಿಗೆ ಒಂದು ತಂಗುದಾಣ, ಏನಾದರೂ ಸರಿ. ಸುಮ್ನೆ ಕಲಿಯಲು ಅಂತ ಕೊರೆದು, ಆಮೇಲೆ ಬಿಚ್ಚಿ ಸೌದೆ ಮಾಡುವ ಚೌಕಟ್ಟಿಗೆ ಜನ ಕೊಡುವ ಗಮನವೇ ಬೇರೆ. ಈ ಮಾಡಿನ ಕೆಳಗೆ ನಾಳೆ ಮಕ್ಕಳು ಕೂರುತ್ತಾರೆ ಅಂತ ಗೊತ್ತಿದ್ದರೆ ಉಳಿ ಹಿಡಿದವರ ಕೈ ತಾನಾಗಿಯೇ ನಿಧಾನವಾಗುತ್ತದೆ. ನಾನಿದನ್ನು ಕಣ್ಣಾರೆ ನೋಡಿದ್ದೇನೆ.

ಚೌಕಟ್ಟು ಚಿಕ್ಕದಿರಲಿ. ಎರಡನೆಯ ಕೂಟದಲ್ಲಿ ನಾನು ಆಸೆಪಟ್ಟು ದೊಡ್ಡದನ್ನು ಹಿಡಿದೆ. ನಾಲ್ಕನೆಯ ದಿನ ಮಧ್ಯಾಹ್ನಕ್ಕೂ ಒಂಬತ್ತು ಜಾಯಿಂಟ್ ಬಾಕಿ ಇತ್ತು. ಕತ್ತಲಾಗುವ ಹೊತ್ತಿಗೆ ಅರ್ಧ ಚೌಕಟ್ಟು ನಿಂತಿತ್ತು, ಅರ್ಧ ಜನ ಊರಿಗೆ ಹೊರಟಿದ್ದರು. ಈಗ ನಾನು ಬಳಸುವ ಅಳತೆ ಇದು: 3 ಮೀಟರ್ ಅಗಲ, 3.6 ಮೀಟರ್ ಉದ್ದ, ಕಂಬದ ಎತ್ತರ 2.4 ಮೀಟರ್. ನಾಲ್ಕು ಕಂಬ, ಕಂಬದಿಂದ ಕಂಬಕ್ಕೆ ಅಗಲಕ್ಕೆ ಹೋಗುವ ಎರಡು ಅಡ್ಡತೊಲೆ, ಕಂಬಗಳ ತಲೆಯ ಮೇಲೆ ಉದ್ದಕ್ಕೆ ಕೂರುವ ಎರಡು ಮೇಲ್ತೊಲೆ. ಮೂಲೆಗಳಿಗೆ ಓರೆಯಾಗಿ ಕೂರುವ ಎಂಟು ಬ್ರೇಸ್. ಮೇಲೆ ಎಂಟು ಜಂತಿ. ಒಟ್ಟು ಇಪ್ಪತ್ನಾಲ್ಕು ಕಟ್ಟಿಗೆ.

ಜಾಯಿಂಟ್ ಎಣಿಸಿ ನೋಡಿ. ಅಡ್ಡತೊಲೆಗಳಿಗೆ ನಾಲ್ಕು, ಮೇಲ್ತೊಲೆಗಳಿಗೆ ನಾಲ್ಕು, ಬ್ರೇಸುಗಳ ಎರಡೆರಡು ತುದಿಗೆ ಹದಿನಾರು. ಅಲ್ಲಿಗೆ ಜಂತಿ ಬಿಟ್ಟು ಇಪ್ಪತ್ನಾಲ್ಕು. ಪ್ರತಿ ಜಾಯಿಂಟಿಗೂ ಒಂದು ಮರದಲ್ಲಿ ಕುಳಿ, ಇನ್ನೊಂದರ ತುದಿಯಲ್ಲಿ ಆ ಕುಳಿಗೆ ಇಳಿಯುವ ನಾಲಿಗೆ. ಹೊಸಬರೂ ಹಳಬರೂ ಸೇರಿದ ಒಂದು ಜೋಡಿಗೆ ಒಂದು ಜಾಯಿಂಟ್ ಚೆನ್ನಾಗಿ ಮುಗಿಸಲು ಹೆಚ್ಚುಕಡಿಮೆ ಒಂದು ದಿನ ಬೇಕು, ಅದು ನಾನು ಕಂಡ ಲೆಕ್ಕ. ಹನ್ನೆರಡು ಜೋಡಿ, ತಲಾ ಎರಡು ಜಾಯಿಂಟ್, ಎರಡು ದಿನ. ಹಾಗಾಗಿ ಇಪ್ಪತ್ನಾಲ್ಕು ಜನ ಕೊರೆಯುವವರು, ನಾಲ್ಕು ಜನ ಸುತ್ತಾಡುತ್ತಾ ನೋಡಿಕೊಳ್ಳುವ ಅನುಭವಸ್ಥರು, ಸಾಣೆಕಲ್ಲಿನ ಹತ್ತಿರ ಇಬ್ಬರು. ಮೂವತ್ತು ಜನ. ಅದಕ್ಕಿಂತ ಜಾಸ್ತಿ ಜನ ಬರುತ್ತೇವೆ ಅಂದರೆ ಚೌಕಟ್ಟನ್ನು ದೊಡ್ಡದು ಮಾಡಬೇಡಿ, ಅಂಥದ್ದೇ ಇನ್ನೊಂದು ಮಾಡಿ. ಕೈಗೆ ಕೆಲಸ ಇಲ್ಲದೆ ನಿಂತು ನೋಡುವವರು ಇಬ್ಬರಿದ್ದರೂ ನನಗೆ ಸಂಕಟವಾಗುತ್ತದೆ.

ಮರ

ಮರವನ್ನು ಕನಿಷ್ಠ ಎರಡು ತಿಂಗಳು ಮುಂಚೆ ಹೇಳಿಡಿ. ಆದರೆ ಕೊಯ್ಸುವುದು ಕೂಟಕ್ಕೆ ಎರಡು ಮೂರು ವಾರ ಮುಂಚೆ ಸಾಕು. ಈ ಕೆಲಸಕ್ಕೆ ಹಸಿಮರವೇ ಆಗುತ್ತದೆ. ಉಳಿಗೆ ಸುಲಭ, ದೊಡ್ಡ ಗಾತ್ರದ ಮರ ಪೂರ್ತಿ ಒಣಗಲು ವರ್ಷಗಳೇ ಬೇಕು, ಅಷ್ಟು ಕಾಯಲು ಯಾರಿಗೂ ಆಗುವುದಿಲ್ಲ. ಒಣಗುತ್ತಾ ಅದು ಕುಗ್ಗುತ್ತದೆ ನಿಜ. ಆದರೆ ಉದ್ದದಲ್ಲಿ ಕುಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ, ಅಗಲದಲ್ಲಿ ಮಾತ್ರ ಜಾಸ್ತಿ. ಅದರಲ್ಲೂ ಬೆಳವಣಿಗೆಯ ಉಂಗುರದ ಗುಂಟ ಆಗುವ ಕುಗ್ಗು, ನಡುವಿನಿಂದ ಹೊರಕ್ಕೆ ಆಗುವುದರ ಸುಮಾರು ಎರಡರಷ್ಟು. ನಡುತಿರುಳು ಒಳಗೇ ಇರುವ ತೊಲೆಗಳು ಬಿರಿಯುವುದು ಇದಕ್ಕೇ. ಹೊಸಬರು ಆ ಬಿರುಕು ನೋಡಿ ಹೆದರುತ್ತಾರೆ. ಮೊದಲ ದಿನವೇ ಒಂದು ತುಂಡು ತೋರಿಸಿ ಈ ವಿಷಯ ಹೇಳಿಬಿಡಿ.

ಪಟ್ಟಿಯಲ್ಲಿ ಇರುವುದಕ್ಕಿಂತ ಒಂದು ಕಂಬ, ಎರಡು ಬ್ರೇಸಿನಷ್ಟು ಮರ ಹೆಚ್ಚಿಗೆ ತರಿಸಿ. ಏಕೆ ಅಂತ ಮುಂದೆ ಹೇಳುತ್ತೇನೆ.

ತೂಕದ ಲೆಕ್ಕ ಮೊದಲೇ ಮಾಡಿ ಎಲ್ಲರಿಗೂ ತಿಳಿಸಿ. 200 × 200 ಮಿ.ಮೀ. ಗಾತ್ರದ 3.6 ಮೀಟರ್ ತೊಲೆ ಅಂದರೆ 0.144 ಘನ ಮೀಟರ್. ಹಸಿ ಓಕ್ ಮರ ಘನ ಮೀಟರಿಗೆ ಸುಮಾರು ಒಂದು ಟನ್ ತೂಗುತ್ತದೆ, ಅಂದರೆ ಒಂದು ತೊಲೆ ಹತ್ತಿರ ಹತ್ತಿರ 150 ಕೆ.ಜಿ. ಇದನ್ನು ಹೊರಲು ಆರು ಜನ ಬೇಕು. ಇಬ್ಬರು ಗಟ್ಟಿಗರು "ನಾವೇ ಎತ್ತುತ್ತೇವೆ ಬಿಡಿ" ಅಂತ ಮುಂದೆ ಬರುತ್ತಾರೆ. ಬಿಡಬೇಡಿ. ನಾನು ಕಂಡ ಸೊಂಟ ನೋವುಗಳಲ್ಲಿ ಹೆಚ್ಚಿನವು ಮರ ಇಳಿಸುವಾಗ ಆದವು.

ಲಾರಿಯಿಂದ ಇಳಿಸಿದ ಮರವನ್ನು ನೆಲಕ್ಕೆ ತಾಗಿಸಿ ಇಡಬೇಡಿ. ಕೆಳಗೂ ನಡುವೆಯೂ ತೆಳು ಪಟ್ಟಿ ಕೊಟ್ಟು, ಗಾಳಿ ಆಡುವಂತೆ ಪೇರಿಸಿ, ಮೇಲೆ ಮುಚ್ಚಿ. ಬಿಸಿಲಿಗೆ ಬಿದ್ದರೆ ತುದಿಗಳು ಎರಡೇ ದಿನದಲ್ಲಿ ಸೀಳುತ್ತವೆ, ನಾಲಿಗೆ ಕೊರೆಯಬೇಕಾದ ಜಾಗವೇ ಅದು.

ಜಾಗದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮಟ್ಟದ ನೆಲ, ನೆರಳು, ಕುಡಿಯುವ ನೀರು, ಶೌಚಾಲಯ, ಲಾರಿ ತಿರುಗುವಷ್ಟು ದಾರಿ. ಅನುಮತಿ, ವಿಮೆ ಎರಡನ್ನೂ ಬರಹದಲ್ಲಿ ಇಟ್ಟುಕೊಳ್ಳಿ. ಒಂದು ತೊಲೆಗೆ ಎರಡರಂತೆ ಸೊಂಟಕ್ಕಿಂತ ಸ್ವಲ್ಪ ತಗ್ಗಿನ ಮರದ ಕುದುರೆಗಳನ್ನು, ಅಂದರೆ ತೊಲೆಯನ್ನು ಮೇಲಿಟ್ಟು ಕೊರೆಯುವ ಕಾಲುಳ್ಳ ಆಸರೆಗಳನ್ನು, ಮಾಡಿಟ್ಟುಕೊಳ್ಳಿ, ಅವು ಎಷ್ಟಿದ್ದರೂ ಸಾಲುವುದಿಲ್ಲ.

ಗೆರೆ ಎಳೆಯುವ ದಿನ

ಇಡೀ ಕೂಟದಲ್ಲಿ ನನಗೆ ಬಹಳ ಮುಖ್ಯ ಅನ್ನಿಸುವುದು ಮೊದಲ ದಿನದ ಬೆಳಗ್ಗೆ. ಎಲ್ಲರ ಕೈಗೂ ಉಳಿ ಹಿಡಿಯುವ ಆತುರ. ಆದರೆ ಚೌಕಟ್ಟು ನಿಲ್ಲುತ್ತದೋ ಇಲ್ಲವೋ ಎನ್ನುವುದು ಪೆನ್ಸಿಲಿನಲ್ಲೇ ತೀರ್ಮಾನವಾಗಿರುತ್ತದೆ.

ಬೇರೆ ಬೇರೆ ಕಡೆಯಿಂದ ಬಂದವರು ಬೇರೆ ಬೇರೆ ಪದ್ಧತಿ ಕಲಿತಿರುತ್ತಾರೆ. ಕೆಲವರು ನೆಲದ ಮೇಲೆ ಪೂರ್ತಿ ಅಳತೆಯ ನಕ್ಷೆ ಬಿಡಿಸಿ, ಅದರ ಮೇಲೆ ಮರಗಳನ್ನು ಒಂದರ ಮೇಲೊಂದು ಇಟ್ಟು, ತೂಗುಗುಂಡು ಬಿಟ್ಟು, ಒಂದರ ಆಕಾರವನ್ನು ಇನ್ನೊಂದಕ್ಕೆ ಇಳಿಸುತ್ತಾರೆ. ಡೊಂಕು ಮರಕ್ಕೆ ಇದರಷ್ಟು ಚಂದದ ಪದ್ಧತಿ ಇಲ್ಲ. ಫ್ರಾನ್ಸಿನ ಬಡಗಿಗಳ ಈ ಗೆರೆಯ ವಿದ್ಯೆಯನ್ನು ಯುನೆಸ್ಕೊ 2009ರಲ್ಲಿ ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಚೀನಾದ ಮರದ ಚೌಕಟ್ಟಿನ ಕಟ್ಟಡ ಕಲೆಯೂ ಅದೇ ವರ್ಷ ಸೇರಿತು. ಆದರೆ ಈ ಪದ್ಧತಿಯಲ್ಲಿ ಪ್ರತಿ ಜಾಯಿಂಟೂ ಬೇರೆ, ಒಂದರ ನಾಲಿಗೆ ಇನ್ನೊಂದರ ಕುಳಿಗೆ ಕೂರುವುದಿಲ್ಲ. ಹಾಗಾಗಿಯೇ ಹಳೆಯ ಕಟ್ಟಡಗಳ ತೊಲೆಗಳ ಮೇಲೆ ಉಳಿಯಲ್ಲಿ ಕೆತ್ತಿದ ಜೋಡಿ ಗುರುತುಗಳು ಕಾಣುವುದು.

ಮೂವತ್ತು ಜನ ಒಟ್ಟಿಗೆ ಕೆಲಸ ಮಾಡುವ ಕೂಟಕ್ಕೆ ನಾನು ಆರಿಸುವುದು ಇನ್ನೊಂದು ಪದ್ಧತಿ. ಸ್ಕ್ವೇರ್ ರೂಲ್ ಅನ್ನುತ್ತಾರೆ. ಅಮೆರಿಕದಲ್ಲಿ ಹತ್ತೊಂಬತ್ತನೆಯ ಶತಮಾನದ ಆರಂಭದ ಹೊತ್ತಿಗೆ ಚಾಲ್ತಿಗೆ ಬಂದದ್ದು. ಅದರ ಯೋಚನೆ ಬಹಳ ಸರಳ. ಒರಟಾದ 200 ಮಿ.ಮೀ. ತೊಲೆಯ ಒಳಗೆ 190 ಮಿ.ಮೀ.ನ ನೇರವಾದ ಇನ್ನೊಂದು ತೊಲೆ ಇದೆ ಅಂದುಕೊಳ್ಳಿ. ಜಾಯಿಂಟ್ ಬರುವ ಜಾಗದಲ್ಲಿ ಮಾತ್ರ ಹೊರಗಿನದನ್ನು ತೆಗೆದು ಆ ಒಳಗಿನ ತೊಲೆಯ ಮಟ್ಟಕ್ಕೆ ಇಳಿಯಿರಿ. ಉಳಿದ ಕಡೆ ಮರ ಎಷ್ಟೇ ಉಬ್ಬುತಗ್ಗಾಗಿದ್ದರೂ ಲೆಕ್ಕಕ್ಕಿಲ್ಲ. ಹೀಗೆ ಮಾಡಿದರೆ ಅಂಗಳದ ಆ ಮೂಲೆಯಲ್ಲಿ ಒಬ್ಬರು ಕೊರೆದ ನಾಲಿಗೆ, ಈ ಮೂಲೆಯಲ್ಲಿ ಇನ್ನೊಬ್ಬರು ಕೊರೆದ ಕುಳಿಗೆ ಒಂದನ್ನೊಂದು ನೋಡದೆಯೂ ಕೂರುತ್ತದೆ. ಎಂಟು ಬ್ರೇಸುಗಳೂ ಒಂದೇ. ಮೂಲೆಯಿಂದ 600 ಮಿ.ಮೀ. ಕೆಳಗೆ, 600 ಮಿ.ಮೀ. ಪಕ್ಕಕ್ಕೆ ಅಂತ ಇಟ್ಟುಕೊಂಡರೆ ಬ್ರೇಸಿನ ಉದ್ದ 600 × 1.414, ಅಂದರೆ 848 ಮಿ.ಮೀ. ಮತ್ತು ಚೂರು. ಒಂದು ಬ್ರೇಸಿಗೆ ಪ್ಲೈವುಡ್ಡಿನಲ್ಲಿ ಅಚ್ಚು ಮಾಡಿ ಎಲ್ಲರೂ ಅದರಿಂದಲೇ ಗೆರೆ ಎಳೆಯಲಿ.

ಇನ್ನು ಮುಖ್ಯ ಮಾತು. ಪ್ರತಿ ತೊಲೆಯಲ್ಲೂ ಒಂದಕ್ಕೊಂದು ಸರಿಯಾಗಿ ಮೂಲೆಮಟ್ಟಕ್ಕೆ ಇರುವ ಎರಡು ಮುಖ ಆರಿಸಿ, ಅವೇ ಅದರ ಮೂಲ ಮುಖಗಳು. ಅಳತೆ ಎಲ್ಲವೂ ಅಲ್ಲಿಂದಲೇ. ಆ ಎರಡು ಮುಖಗಳ ಮೇಲೆ ಬಣ್ಣದ ಕಡ್ಡಿಯಲ್ಲಿ ದೊಡ್ಡದಾಗಿ ಗುರುತು ಹಾಕಿ, ಆ ಗುರುತು ಕೊನೆಯವರೆಗೂ ಅಳಿಸಬಾರದು. ಚೌಕಟ್ಟಿನಲ್ಲಿ ಆ ಮುಖಗಳು ಯಾವ ಕಡೆ ತಿರುಗಬೇಕು ಅನ್ನುವುದನ್ನೂ ಮೊದಲೇ ತೀರ್ಮಾನಿಸಿ. ನಾನು ಹೊರಮುಖ ಅಂತ ಇಟ್ಟುಕೊಳ್ಳುತ್ತೇನೆ.

ಮೂರನೆಯ ಕೂಟದಲ್ಲಿ ಇದನ್ನು ಬಾಯಲ್ಲಿ ಹೇಳಿದ್ದೆ, ಬರೆದು ಹಾಕಿರಲಿಲ್ಲ. ನಮ್ಮ ನಾಲಿಗೆಯ ದಪ್ಪ 40 ಮಿ.ಮೀ., ಅದು ಹೊರಮುಖದಿಂದ 50 ಮಿ.ಮೀ. ಒಳಗೆ ಬರಬೇಕು. ಒಂದು ಜೋಡಿ ಒಳಮುಖದಿಂದ 50 ಅಳೆದು ಕುಳಿ ಕೊರೆದುಬಿಟ್ಟಿತು. 200 ಮಿ.ಮೀ. ಕಂಬದಲ್ಲಿ ಅದು ಬರಬೇಕಾದ ಜಾಗಕ್ಕಿಂತ 60 ಮಿ.ಮೀ. ಆಚೆ. ಅಷ್ಟು ಅಚ್ಚುಕಟ್ಟಾದ ಕುಳಿ ಆ ಸಲ ಇನ್ನೊಂದಿರಲಿಲ್ಲ, ಗೋಡೆಗಳು ಕನ್ನಡಿಯಂತಿದ್ದವು. ಮೂರನೆಯ ದಿನ ಜೋಡಿಸಿ ನೋಡುವಾಗ ಗೊತ್ತಾಯಿತು. ಆ ಇಬ್ಬರ ಮುಖ ನೋಡಲಾಗಲಿಲ್ಲ. ತಪ್ಪು ಅವರದ್ದಲ್ಲ, ಗೋಡೆಗೆ ಒಂದು ಹಾಳೆ ಅಂಟಿಸದ ನನ್ನದು. ಹೆಚ್ಚಿಗೆ ತರಿಸಿದ ಕಂಬ ಅವತ್ತು ಉಪಯೋಗಕ್ಕೆ ಬಂತು. ಏಳೆಂಟು ಜನ ಸೇರಿ ದೀಪ ಹಾಕಿಕೊಂಡು ರಾತ್ರಿ ಹನ್ನೊಂದರವರೆಗೆ ಕೊರೆದೆವು.

ಅಂದಿನಿಂದ ಎರಡು ನಿಯಮ ಮಾಡಿಕೊಂಡಿದ್ದೇನೆ. ಪ್ರತಿ ಕುದುರೆಯ ಹತ್ತಿರವೂ ಮೂಲ ಮುಖ ತೋರಿಸುವ ಚಿತ್ರವೊಂದು ಇರಬೇಕು. ಮತ್ತೆ, ಗೆರೆ ಎಳೆದ ಜೋಡಿ ಸೀದಾ ಗರಗಸ ಹಿಡಿಯುವ ಹಾಗಿಲ್ಲ. ಪಕ್ಕದ ಜೋಡಿ ಬಂದು, ನಕ್ಷೆ ನೋಡಿಕೊಂಡು, ಹೊಸದಾಗಿ ಅಳೆದು, ಮರದ ಮೇಲೆ ಸಹಿ ಹಾಕಬೇಕು. ಆಮೇಲೆ ತೆಗೆಯಬೇಕಾದ ಭಾಗಕ್ಕೆ ಅಡ್ಡಗೆರೆ ಹೊಡೆದು ತುಂಬಬೇಕು. ಇದಕ್ಕೆ ಅರ್ಧ ದಿನವೇ ಹೋಗುತ್ತದೆ, ಹೋಗಲಿ. ಅಳತೆ ಪಟ್ಟಿಗಳನ್ನೂ ಮೊದಲೇ ಒಂದರ ಪಕ್ಕ ಒಂದು ಹಿಡಿದು ನೋಡಿ. ಟೇಪಿನ ತುದಿಯ ಕೊಕ್ಕೆ ಬಗ್ಗಿದ್ದರೆ 2 ಮಿ.ಮೀ. ಅಲ್ಲೇ ಕಳೆದುಹೋಗುತ್ತದೆ. ಒಂದು ತೊಲೆಗೆ ಮೊದಲಿಂದ ಕೊನೆಯವರೆಗೆ ಒಂದೇ ಟೇಪ್.

ಕೊರೆಯುವುದು

ಜೋಡಿ ಮಾಡುವಾಗ ಗೆಳೆಯರನ್ನು ಒಟ್ಟಿಗೆ ಹಾಕಬೇಡಿ. ಇಪ್ಪತ್ತು ವರ್ಷ ಕೆಲಸ ಮಾಡಿದವರ ಜೊತೆ ಮೊದಲ ಸಲ ಉಳಿ ಹಿಡಿದವರನ್ನು ಹಾಕಿ. ಹಳಬರಿಗೆ ಒಂದೇ ಷರತ್ತು: ಹೊಸಬರ ಕೈಯಿಂದ ಉಳಿ ಕಿತ್ತುಕೊಳ್ಳಬಾರದು. ಬಾಯಲ್ಲಿ ಹೇಳಿ, ಬೇರೆ ತುಂಡಿನ ಮೇಲೆ ತೋರಿಸಿ, ಆದರೆ ಅವರ ಜಾಯಿಂಟನ್ನು ಅವರೇ ಮುಗಿಸಲಿ.

ನಾನು ಮೊದಲು ಹೇಳಿದ ಆ ಹಿರಿಯ ಬಡಗಿ ಮುಂದಿನ ಕೂಟಕ್ಕೂ ಬಂದರು. ವೇದಿಕೆ ಹತ್ತಿ ಮಾತಾಡಿ ಅಂದರೆ ಒಪ್ಪದವರು, ತೊಲೆಯ ಎದುರು ಕೂತಾಗ ಒಂದು ದಿನಪೂರ್ತಿ ಮಾತಾಡಿದರು. ಮರದ ಎಳೆ ಯಾವ ಕಡೆ ಓಡುತ್ತಿದೆ, ಗಂಟು ಬಂದಾಗ ಉಳಿಯನ್ನು ಹೇಗೆ ತಿರುಗಿಸಬೇಕು, ಕೊಡತಿ ಏಟಿನ ಸದ್ದು ಬದಲಾದರೆ ಏನರ್ಥ. ಇಂಥ ಮಾತು ಮೈಕಿನ ಮುಂದೆ ಬರುವುದಿಲ್ಲ, ಅಲ್ವಾ?

ಕುಳಿಗೆ ಮೊದಲು ಡ್ರಿಲ್ಲಿನಲ್ಲಿ ಸಾಲಾಗಿ ತೂತು ಹಾಕಿ, ಆಮೇಲೆ 40 ಮಿ.ಮೀ. ಉಳಿಯಲ್ಲಿ ಗೋಡೆ ಸವರುವುದು. ಆಳ 100 ಮಿ.ಮೀ. ಇದ್ದರೆ ನಾಲಿಗೆಯ ಉದ್ದ 95 ಇರಲಿ. ತಳದಲ್ಲಿ ಆ 5 ಮಿ.ಮೀ. ಖಾಲಿ ಇದ್ದರೇ ನಾಲಿಗೆಯ ಭುಜ, ಅಂದರೆ ನಾಲಿಗೆ ಶುರುವಾಗುವಲ್ಲಿ ತೊಲೆಯಲ್ಲಿ ಉಳಿಯುವ ಮೆಟ್ಟಿಲು, ಕಂಬಕ್ಕೆ ಒತ್ತಿ ಕೂರುವುದು. ಡ್ರಿಲ್, ವಿದ್ಯುತ್ ಗರಗಸ ಬೇಡ, ಎಲ್ಲ ಕೈಯಲ್ಲೇ ಆಗಬೇಕು ಅನ್ನುವವರೂ ಇರುತ್ತಾರೆ. ಅವರಿಗೆ ಒಂದು ಕಡೆ ಜಾಗ ಮಾಡಿಕೊಡಿ. ಆದರೆ ಯಂತ್ರದ ಸದ್ದು ಅಂಗಳಪೂರ್ತಿ ತುಂಬದ ಹಾಗೆ ಸಮಯ ಗೊತ್ತು ಮಾಡಿ. ನಾವು ಬೆಳಗ್ಗೆ ಎರಡು ಗಂಟೆ ಮಾತ್ರ ಯಂತ್ರ ಓಡಿಸುತ್ತೇವೆ, ಆಮೇಲೆ ಉಳಿ ಕೊಡತಿಗಳ ಸದ್ದಷ್ಟೇ. ಕಿವಿಗೂ ಹಿತ, ಮಾತಿಗೂ ಅನುಕೂಲ.

ಸಾಣೆಕಲ್ಲಿನ ಮೇಜಿಗೆ ನಿಮ್ಮಲ್ಲಿ ಬಹಳ ತಾಳ್ಮೆ ಇರುವವರನ್ನು ಕೂರಿಸಿ. ಮೊಂಡು ಉಳಿಗೆ ಜಾಸ್ತಿ ಬಲ ಹಾಕಬೇಕು, ಜಾಸ್ತಿ ಬಲ ಹಾಕಿದಾಗಲೇ ಅದು ಜಾರುವುದು. ಎರಡು ಗಂಟೆಗೊಮ್ಮೆ ಎಲ್ಲರೂ ಅಲ್ಲಿಗೆ ಹೋಗಿ ಬರಲಿ. ಎರಡೂ ಕೈ ಉಳಿಯ ಅಲಗಿನ ಹಿಂದೆಯೇ ಇರಬೇಕು, ಇದನ್ನು ದಿನಕ್ಕೆ ಹತ್ತು ಸಲ ಹೇಳಿದರೂ ಕಡಿಮೆ. ನಮ್ಮ ಪ್ರಥಮ ಚಿಕಿತ್ಸೆ ಪೆಟ್ಟಿಗೆ ತೆರೆದದ್ದು ಹೆಚ್ಚಾಗಿ ಮರ ಹಿಡಿದ ಎಡಗೈಗೆ.

ಬೇಗ ಮುಗಿಸಿದ ಜೋಡಿಗಳಿಗೆ ಜಂತಿ ಕೊಡಿ, ಇಲ್ಲವೇ ಮರದ ಮೊಳೆ ಮಾಡಲು ಕೂರಿಸಿ. ಅಡ್ಡತೊಲೆ, ಮೇಲ್ತೊಲೆಗಳ ಎಂಟು ಜಾಯಿಂಟಿಗೆ ಎರಡೆರಡು, ಬ್ರೇಸಿನ ಹದಿನಾರಕ್ಕೆ ಒಂದೊಂದು, ಒಟ್ಟು 32 ಮೊಳೆ. ಐವತ್ತು ಮಾಡಿಟ್ಟುಕೊಳ್ಳಿ. ಇವು ಮಾತ್ರ ಚೆನ್ನಾಗಿ ಒಣಗಿದ ಗಟ್ಟಿ ಮರದ್ದಾಗಬೇಕು, ಗರಗಸದಲ್ಲಿ ಕೊಯ್ದದ್ದಲ್ಲ, ಎಳೆಯ ಗುಂಟ ಸೀಳಿದ್ದು. ಕೊಯ್ದ ಮೊಳೆಯಲ್ಲಿ ಎಳೆ ಓರೆಯಾಗಿ ಹೊರಬಂದ ಕಡೆ ಮುರಿಯುತ್ತದೆ. ನಾವು 25 ಮಿ.ಮೀ. ದಪ್ಪಕ್ಕೆ ಮಾಡಿ, ತುದಿ ಚೂಪು ಮಾಡುತ್ತೇವೆ.

ತೂತಿನ ವಿಷಯದಲ್ಲಿ ಹೊಸಬರಿಗೆ ಬಹಳ ಖುಷಿ ಕೊಡುವ ಒಂದು ಪಾಠ ಇದೆ. ಕಂಬದ ತೂತನ್ನು ಮೊದಲು ಹಾಕಿ. ನಾಲಿಗೆಯನ್ನು ಕುಳಿಗೆ ಇಳಿಸಿ, ತೂತಿನ ನಡುವನ್ನು ನಾಲಿಗೆಯ ಮೇಲೆ ಗುರುತು ಮಾಡಿ, ಹೊರತೆಗೆಯಿರಿ. ಈಗ ನಾಲಿಗೆಯ ತೂತನ್ನು ಆ ಗುರುತಿನ ಮೇಲೆಯೇ ಹಾಕಬೇಡಿ, ಭುಜದ ಕಡೆಗೆ ಸ್ವಲ್ಪ ಸರಿಸಿ ಹಾಕಿ. ಮೆದು ಮರಕ್ಕೆ 3 ಮಿ.ಮೀ., ಗಟ್ಟಿ ಮರಕ್ಕೆ ಅದರ ಅರ್ಧದಷ್ಟು. ಮೊಳೆ ಬಡಿದಾಗ ಅದು ಸರಿದ ತೂತಿನೊಳಗೆ ಬಾಗುತ್ತಾ ಹೋಗಿ, ಎರಡು ಮರಗಳನ್ನೂ ಒಂದಕ್ಕೊಂದು ಎಳೆಯುತ್ತದೆ. ಕಣ್ಣೆದುರೇ ಸಂದು ಮುಚ್ಚಿಕೊಳ್ಳುತ್ತದೆ. ಯಾವ ಕಡೆಗೆ ಸರಿಸಬೇಕು ಅನ್ನುವುದನ್ನು ಮಾತ್ರ ಎರಡೆರಡು ಸಲ ಕೇಳಿ ಖಚಿತ ಮಾಡಿಕೊಳ್ಳಿ. ತಪ್ಪು ಕಡೆಗೆ ಸರಿದರೆ ಮೊಳೆ ಜಾಯಿಂಟನ್ನು ಬಿಡಿಸುತ್ತದೆ.

ಸಂಜೆ

ಹಗಲಿಡೀ ಉಳಿ ಹಿಡಿದವರನ್ನು ಸಂಜೆ ಎರಡು ಗಂಟೆ ಕೂರಿಸಬೇಡಿ. ಒಂದು ಗಂಟೆ, ಇಬ್ಬರು ಮಾತಾಡಿದರೆ ಸಾಕು. ನಾನು ಬರುವವರಿಗೆಲ್ಲ ಮೊದಲೇ ಒಂದು ಮಾತು ತಿಳಿಸಿರುತ್ತೇನೆ: ನಿಮ್ಮದೇ ಕೈಯಲ್ಲಿ ಕೆಟ್ಟುಹೋದ ಒಂದು ಜಾಯಿಂಟ್ ತನ್ನಿ, ಇಲ್ಲವೇ ಅದರ ಫೋಟೋ ತನ್ನಿ. ಉದ್ದದ ಮೇಜಿನ ಮೇಲೆ ಎಲ್ಲವನ್ನೂ ಇಡುತ್ತೇವೆ. ಸೀಳಿದ ನಾಲಿಗೆ, ತುದಿಗೆ ತೀರಾ ಹತ್ತಿರ ತೂತು ಹಾಕಿದ್ದರಿಂದ ಕಿತ್ತುಬಂದ ತುಂಡು, ನೀರು ನಿಂತು ಕೊಳೆತ ಕಂಬದ ಪಾದ. ಒಬ್ಬೊಬ್ಬರೂ ಐದು ನಿಮಿಷ ಹೇಳುತ್ತಾರೆ. ಒಂಬತ್ತು ಕೂಟಗಳಲ್ಲಿ ನಾನು ಬಹಳ ಕಲಿತದ್ದು ಈ ಮೇಜಿನ ಮುಂದೆ.

ಇನ್ನೊಂದು ಸಂಜೆ ದೊಡ್ಡ ಕೆಲಸವೊಂದರ ಕಥೆ ಇರಲಿ. ಪ್ಯಾರಿಸಿನ ನೋತ್ರ್ ದಾಮ್ ಚರ್ಚಿನ ಮಾಡು 2019ರ ಏಪ್ರಿಲ್ 15ರಂದು ಸುಟ್ಟುಹೋಯಿತು. ಅದನ್ನು ಮತ್ತೆ ಮರದಲ್ಲೇ ಕಟ್ಟಲು ಆಗುತ್ತದೆಯೇ ಅಂತ ಬಹಳ ಜನ ಕೇಳುತ್ತಿದ್ದರು. 2020ರ ಸೆಪ್ಟೆಂಬರಿನಲ್ಲಿ ಗಡಿಗಳಿಲ್ಲದ ಬಡಗಿಗಳು ಎಂಬ ಅರ್ಥದ ಹೆಸರಿನ ಒಂದು ತಂಡ, ಹಳೆಯ ಮಾಡನ್ನು ಹೊತ್ತಿದ್ದ ತ್ರಿಕೋನದ ಚೌಕಟ್ಟುಗಳಲ್ಲಿ, ಅಂದರೆ ಟ್ರಸ್ಸುಗಳಲ್ಲಿ, ಏಳನೆಯದರ ಪ್ರತಿಯನ್ನು ಓಕ್ ಮರವನ್ನು ಕೊಡಲಿಯಲ್ಲೇ ಕಡಿದು ಮಾಡಿ, ಆ ಚರ್ಚಿನ ಮುಂದಿನ ಅಂಗಳದಲ್ಲಿ ಜನರೆದುರೇ ಮೇಲಕ್ಕೆತ್ತಿತು. ಚರ್ಚು 2024ರ ಡಿಸೆಂಬರಿನಲ್ಲಿ ಮತ್ತೆ ತೆರೆಯಿತು, ಮರದ ಮಾಡಿನೊಂದಿಗೇ. ಈ ಕಥೆಯನ್ನು ನಾನು ಮೂರನೆಯ ರಾತ್ರಿ ಹೇಳುತ್ತೇನೆ, ಏಕೆಂದರೆ ಮಾರನೆಯ ದಿನ ನಮ್ಮದನ್ನೂ ಎತ್ತಬೇಕು.

ಎತ್ತುವ ದಿನ

ಮೂರನೆಯ ದಿನ ಮಧ್ಯಾಹ್ನವೇ ಎಲ್ಲ ಜಾಯಿಂಟುಗಳನ್ನೂ ಮಲಗಿಸಿದಂತೆಯೇ ಕೂಡಿಸಿ ನೋಡಿರಬೇಕು. ಬಿಗಿ ಇರುವ ಕಡೆ ಸ್ವಲ್ಪ ಸವರಿ. ಕೈಯಲ್ಲಿ ತಳ್ಳಿದರೆ ಅರ್ಧ ಹೋಗಬೇಕು, ಉಳಿದರ್ಧ ದೊಡ್ಡ ಮರದ ಸುತ್ತಿಗೆಯ ಏಟಿಗೆ ಹೋಗಬೇಕು, ಅದು ಸರಿಯಾದ ಬಿಗಿ.

ನಾಲ್ಕನೆಯ ದಿನ ಬೆಳಗ್ಗೆ ಮೊದಲು ತಳಪಾಯ ಅಳೆಯಿರಿ. 3 ಮತ್ತು 3.6 ಮೀಟರಿನ ಆಯತಕ್ಕೆ ಮೂಲೆಯಿಂದ ಮೂಲೆಗೆ 4.686 ಮೀಟರ್ ಬರಬೇಕು, ಎರಡೂ ಕಡೆ. ಆಮೇಲೆ ಎಲ್ಲರನ್ನೂ ನಿಲ್ಲಿಸಿ ಇಡೀ ದಿನದ ಕೆಲಸವನ್ನು ಒಂದು ಸಲ ಮಾತಲ್ಲೇ ಮಾಡಿ ಮುಗಿಸಿ. ಯಾರು ಎಲ್ಲಿ ನಿಲ್ಲಬೇಕು, ಯಾವ ಹಗ್ಗ ಯಾರ ಕೈಯಲ್ಲಿ, ಯಾವ ಮಾತಿಗೆ ಏನು ಮಾಡಬೇಕು. ಆಜ್ಞೆ ಕೊಡುವ ದನಿ ಒಂದೇ. ಆ ಒಬ್ಬರು ಕೈ ಹಾಕಿ ಎತ್ತಬಾರದು, ದೂರ ನಿಂತು ಪೂರ್ತಿ ಚೌಕಟ್ಟು ನೋಡುತ್ತಿರಬೇಕು. ಬೇರೆ ಯಾರೂ "ಸ್ವಲ್ಪ ಈ ಕಡೆ, ಆ ಕಡೆ" ಅನ್ನುವ ಹಾಗಿಲ್ಲ. ಆದರೆ "ನಿಲ್ಲಿ" ಅನ್ನುವ ಒಂದು ಮಾತನ್ನು ಮಾತ್ರ ಯಾರು ಬೇಕಾದರೂ ಕೂಗಬಹುದು. ಮೊದಲ ಸಲ ಬಂದವರೂ, ನೋಡಲು ನಿಂತವರೂ. ಕೂಗಿದ ಕೂಡಲೇ ಎಲ್ಲರೂ ನಿಲ್ಲಬೇಕು. ಏಕೆ ಕೂಗಿದೆ ಅಂತ ಆಮೇಲೂ ಯಾರೂ ಬೈಯಬಾರದು.

ಎರಡು ಕಂಬ, ಒಂದು ಅಡ್ಡತೊಲೆ, ಎರಡು ಬ್ರೇಸ್ ಸೇರಿದ ಮೊದಲ ಚೌಕಟ್ಟನ್ನು ನೆಲದ ಮೇಲೆ ಮಲಗಿಸಿ ಮೊಳೆ ಬಡಿಯಿರಿ. ಓಕ್ ಆದರೆ ಇದರ ತೂಕ ಸುಮಾರು 330 ಕೆ.ಜಿ. ಅಡ್ಡತೊಲೆ ಮೇಲ್ಭಾಗದಲ್ಲಿ ಇರುವುದರಿಂದ ಭಾರವೂ ಅತ್ತಲೇ. ಅಡ್ಡತೊಲೆ ಹಿಡಿದು ಎತ್ತುವಾಗ ಕೈಗಳಿಗೆ ಬರುವುದು ಮುಕ್ಕಾಲು ಪಾಲು, ಹತ್ತಿರ ಹತ್ತಿರ 250 ಕೆ.ಜಿ. ಹನ್ನೆರಡು ಜನರಿಗೆ ತಲಾ ಇಪ್ಪತ್ತರ ಆಸುಪಾಸು. ಈ ಲೆಕ್ಕವನ್ನು ಬಿಡಿಸಿ ಹೇಳಿದರೆ ಹೆದರಿದವರಿಗೆ ಧೈರ್ಯ ಬರುತ್ತದೆ, ಅತಿ ಧೈರ್ಯದವರೂ ಹನ್ನೆರಡು ಜನ ಬೇಕು ಅಂತ ಒಪ್ಪುತ್ತಾರೆ.

ಕಂಬದ ಪಾದಗಳು ಹಿಂದಕ್ಕೆ ಜಾರದ ಹಾಗೆ ಗಟ್ಟಿಯಾದ ಅಡ್ಡಮರ ಕೊಡಿ. ಇದನ್ನು ಮರೆತರೆ ಚೌಕಟ್ಟು ಏಳುವ ಬದಲು ಹಿಂದೆ ಸರಿಯುತ್ತದೆ. ಎತ್ತುವವರ ಕಡೆಗೆ ಎರಡು ಹಗ್ಗ, ಆಚೆ ಕಡೆಗೆ ಎರಡು ಹಗ್ಗ. ಆರಂಭದಲ್ಲಿ ಭಾರ ಜಾಸ್ತಿ, ಮೇಲೆ ಹೋದಂತೆ ಹಗುರ. ನೆಟ್ಟಗೆ ನಿಲ್ಲುವ ಹೊತ್ತಿಗೆ ಭಾರವೇ ಇಲ್ಲ ಅನ್ನಿಸುತ್ತದೆ. ಅಪಾಯ ಇರುವುದು ಆಗಲೇ. ಆಚೆ ವಾಲದಂತೆ ತಡೆಯಬೇಕಾದದ್ದು ಎತ್ತುವವರ ಬೆನ್ನ ಹಿಂದಿನ ಹಗ್ಗ. ಅದನ್ನು ಹಿಡಿದವರು ಚೌಕಟ್ಟಿನಿಂದ ಕಣ್ಣು ತೆಗೆಯಬಾರದು, ಫೋಟೋ ತೆಗೆಯಲು ಒಂದು ಕೈ ಬಿಡಬಾರದು. ನಿಂತ ಕೂಡಲೇ ಎರಡೂ ಕಡೆ ಓರೆ ಆಸರೆ ಹೊಡೆದು, ತೂಗುಗುಂಡು ಹಿಡಿದು ನೋಡಿ. ಆಸರೆ ಬಿಗಿಯಾಗುವವರೆಗೆ ಯಾರೂ ಕೈ ಬಿಡಬಾರದು, ಚಪ್ಪಾಳೆ ಆಮೇಲೆ. ಎರಡನೆಯದೂ ಹೀಗೆಯೇ.

ಮೇಲ್ತೊಲೆ ಕೂರಿಸುವುದು ನಿಜಕ್ಕೂ ನಾಜೂಕಿನ ಕೆಲಸ. 150 ಕೆ.ಜಿ.ಯ ತೊಲೆ 2.4 ಮೀಟರ್ ಮೇಲೆ ಹೋಗಿ, ಎರಡು ಕಂಬಗಳ ತಲೆಯ ನಾಲಿಗೆ, ಎರಡು ಬ್ರೇಸುಗಳ ನಾಲಿಗೆ, ನಾಲ್ಕನ್ನೂ ಒಂದೇ ಸಲಕ್ಕೆ ನುಂಗಬೇಕು. ನಾವು ಸರಪಳಿ ಎಳೆದು ಭಾರ ಎತ್ತುವ ಚೈನ್ ಬ್ಲಾಕ್ ಹಾಕಿ ಎತ್ತುತ್ತೇವೆ, ಎರಡು ತುದಿಗೂ ಅಟ್ಟಣಿಗೆ ಕಟ್ಟಿರುತ್ತೇವೆ. ಬ್ರೇಸುಗಳನ್ನು ಮೊದಲೇ ಕಂಬದ ಕುಳಿಗೆ ಇಳಿಸಿ, ಹಗ್ಗದಲ್ಲಿ ಸಡಿಲವಾಗಿ ಕಟ್ಟಿ, ಒಬ್ಬೊಬ್ಬರು ಕೈಯಲ್ಲಿ ಹಿಡಿದಿರಬೇಕು. ತೊಲೆ ಕೈ ಅಗಲದಷ್ಟು ಹತ್ತಿರ ಬಂದಾಗ ನಿಲ್ಲಿಸಿ, ನಾಲ್ಕೂ ಬಾಯಿ ಸರಿಯಾಗಿ ಎದುರಾಗಿವೆಯೇ ನೋಡಿ, ಆಮೇಲೆ ಒಂದೊಂದೇ ಬೆರಳಿನಷ್ಟು ಇಳಿಸಿ. ತೊಲೆಯ ಕೆಳಗೆ ಯಾರ ತಲೆಯೂ, ನಾಲಿಗೆ ಮತ್ತು ಕುಳಿಯ ನಡುವೆ ಯಾರ ಬೆರಳೂ ಇರಬಾರದು. ತಲೆಗೆ ಹೆಲ್ಮೆಟ್ ಇಲ್ಲದವರು ಹಗ್ಗದ ಗಡಿಯಿಂದ ಆಚೆ.

ಏಳನೆಯ ಕೂಟದಲ್ಲಿ ಈ ಹಂತದಲ್ಲಿ ಒಬ್ಬ ಹುಡುಗಿ "ನಿಲ್ಲಿ" ಅಂತ ಕೂಗಿದಳು. ಹತ್ತೊಂಬತ್ತು ವರ್ಷ, ನಾಲ್ಕು ದಿನದ ಹಿಂದೆ ಉಳಿ ಹಿಡಿದವಳು. ಎಲ್ಲರೂ ನಿಂತರು. ಬ್ರೇಸ್ ಒಂದನ್ನು ಮೇಲೆಕೆಳಗೆ ಮಾಡಿ ಇಟ್ಟಿದ್ದರು, ಅದರ ಮೂಲ ಮುಖದ ಗುರುತು ಒಳಗೆ ತಿರುಗಿತ್ತು. ಹಾಗೇ ಇಳಿಸಿದ್ದರೆ ನಾಲಿಗೆ ಮುರಿಯುತ್ತಿತ್ತು. ಆ ಗುರುತನ್ನು ಮೊದಲ ದಿನ ಹಾಕಿದ್ದು ಅವಳೇ.

ಜಂತಿಗಳು ಸಂಜೆಯ ಒಳಗೆ ಸುಲಭವಾಗಿ ಏರುತ್ತವೆ. ಕೊನೆಯ ಮೊಳೆಯನ್ನು ಅವತ್ತು ಯಾರಿಗೆ ಬಹಳ ಕಷ್ಟವಾಗಿತ್ತೋ ಅವರ ಕೈಯಿಂದ ಬಡಿಸಿ.

ತಾತ್ಕಾಲಿಕ ಆಸರೆಗಳನ್ನು ಅವತ್ತೇ ಬಿಚ್ಚಬೇಡಿ. ಮಾಡಿನ ಹೊದಿಕೆ ಬೀಳುವವರೆಗೆ ಇರಲಿ. ಚೌಕಟ್ಟನ್ನು ಬೇರೆ ಜಾಗಕ್ಕೆ ಸಾಗಿಸಬೇಕಿದ್ದರೆ ಎತ್ತುವಾಗ ಮರದ ಮೊಳೆಗಳನ್ನು ಪೂರ್ತಿ ಬಡಿಯದೆ, ಹೊರಗೆ ತುದಿ ಬಿಟ್ಟು, ಆಮೇಲೆ ತೆಗೆಯಿರಿ. ಬಿಚ್ಚುವ ಮುಂಚೆ ಪ್ರತಿ ಜಾಯಿಂಟಿನ ಎರಡೂ ಮರಗಳ ಮೇಲೆ ಒಂದೇ ಅಂಕಿ ಬರೆಯಿರಿ. ಹಸಿಮರ ಬಿಚ್ಚಿಟ್ಟರೆ ತಿರುಚಿಕೊಳ್ಳುತ್ತದೆ, ಎರಡು ವಾರದೊಳಗೆ ಮತ್ತೆ ನಿಲ್ಲಿಸಿಬಿಡಿ.

ಹೊರಡುವ ಮುಂಚೆ ಇನ್ನೊಂದು ಕೆಲಸ ಬಾಕಿ ಇರುತ್ತದೆ. ಚೌಕಟ್ಟಿನ ನಕ್ಷೆಯ ಮೇಲೆ ಯಾವ ಜಾಯಿಂಟನ್ನು ಯಾವ ಜೋಡಿ ಕೊರೆಯಿತು ಅಂತ ಬರೆಸಿ, ಎಲ್ಲರ ಸಹಿ ಹಾಕಿಸಿ, ಅದರ ಒಂದು ಪ್ರತಿಯನ್ನು ಚೌಕಟ್ಟು ಪಡೆದವರಿಗೆ ಕೊಡಿ, ಒಂದನ್ನು ನೀವು ಇಟ್ಟುಕೊಳ್ಳಿ. ವರ್ಷ ಕಳೆದು ಮರ ಒಣಗಿದ ಮೇಲೆ ಆ ಹಾಳೆ ಹಿಡಿದುಕೊಂಡು ಹೋಗಿ, ಪ್ರತಿ ಸಂದಿಗೂ ತೆಳು ಬ್ಲೇಡ್ ಹಾಕಿ ಎಷ್ಟು ಬಿಟ್ಟುಕೊಂಡಿದೆ ನೋಡಿ, ಅಂಕಿಯನ್ನು ಪಕ್ಕದಲ್ಲಿ ಬರೆಯಿರಿ. ಕೊರೆದ ಜೋಡಿಗೆ ಅದನ್ನು ಕಳಿಸಿ. ಮುಂದಿನ ಕೂಟದ ಮೊದಲ ಸಂಜೆ, ಆ ಉದ್ದದ ಮೇಜಿನ ಮೇಲೆ ಎಲ್ಲಕ್ಕಿಂತ ಮೊದಲು ಇಡುವುದು ಆ ಹಾಳೆಯನ್ನು.